ಕಂಪೌಂಡರ್ ಮನೆಯ ಶುಂಠಿ ಸೋಡಾ

ನಮ್ಮ ಮನೆಗೆ ಕಾಂಪೌಂಡ್ ಇಲ್ಲ, ಕಂಪೌಂಡರ್ ಇದ್ದಾರೆ. ಅವರು ನಮ್ಮಪ್ಪ. ಮೂವತ್ತೆಂಟು ವರ್ಷ ಒಬ್ಬರೇ ಡಾಕ್ಟರ ದವಾಖಾನೆಯಲ್ಲಿ, ಒಂದೇ ಕಿಂಡಿಯ ಹಿಂದೆ ನಿಂತು, ಇಡೀ ಬಡಾವಣೆಯ ಕೆಮ್ಮು, ನೆಗಡಿ, ಹೊಟ್ಟೆಯುಬ್ಬರಗಳಿಗೆ ಬಣ್ಣಬಣ್ಣದ ಔಷಧಿ ಬೆರೆಸಿ ಕೊಟ್ಟವರು. ಹೋದ ವರ್ಷ ಡಾಕ್ಟರು ವಯಸ್ಸಾಯಿತೆಂದು ದವಾಖಾನೆ ಮುಚ್ಚಿದರು. ಮುಚ್ಚಿದ ದಿನ ಅಪ್ಪನಿಗೆ ನೆನಪಿನ ಕಾಣಿಕೆಯಾಗಿ ಸಿಕ್ಕಿದ್ದು ನಾಲ್ಕು ಪೆಟ್ಟಿಗೆ ಖಾಲಿ ಔಷಧಿ ಸೀಸೆ, ಒಂದು ಚೀಲ ಬಿರಡೆ ಮತ್ತು ಅಚ್ಚಾಗಿಯೂ ಖರ್ಚಾಗದೆ ಉಳಿದಿದ್ದ ಎರಡು ಕಟ್ಟು ಲೇಬಲ್ಲು. ಬೇರೆಯವರಾಗಿದ್ದರೆ ಗುಜರಿಗೆ ಹಾಕುತ್ತಿದ್ದರು. ಅಪ್ಪ ಮೂರು ದಿನ ಸೀಸೆ ತೊಳೆದರು, ನಾಲ್ಕನೆಯ ದಿನ ಒಣಗಿಸಿದರು, ಐದನೆಯ ದಿನ ಅಡುಗೆಮನೆಗೆ ನುಗ್ಗಿದರು.

ಶುರುವಾದದ್ದು ನಿಂಬೆ ಶರಬತ್ತಿನಿಂದ. ಆಮೇಲೆ ದ್ರಾಕ್ಷಿ, ಪುದೀನ, ಕಲ್ಲಂಗಡಿ, ಒಂದು ಸಲ ಯಾರ ಪುಣ್ಯಕ್ಕೋ ಸೌತೆಕಾಯಿ. ಅಪ್ಪ ಸಕ್ಕರೆಯನ್ನು ಚಮಚದಲ್ಲಿ ಅಳೆಯುವವರಲ್ಲ. ಪುಟ್ಟ ತಕ್ಕಡಿಯಲ್ಲಿ ತೂಗುವವರು. ರಸವನ್ನು ಹತ್ತಿಯಲ್ಲಿ ಸೋಸಿ, ಗಾಜಿನ ಅಳತೆ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ತೊಟ್ಟು ಹೆಚ್ಚಾಗಿದ್ದರೆ ಆ ಒಂದು ತೊಟ್ಟನ್ನು ತೆಗೆದು, ಆಮೇಲೆ ಸೀಸೆಗೆ ತುಂಬುತ್ತಿದ್ದರು. ಸೀಸೆಯ ಪಕ್ಕಕ್ಕೆ ಅಂಚು ಕತ್ತರಿಸಿದ ಕಾಗದದ ಪಟ್ಟಿ. ಒಂದು ಕಚ್ಚು ಅಂದರೆ ಒಂದು ಡೋಸು. ಮನೆಯಲ್ಲಿ ಯಾರಾದರೂ ಬಾಯಾರಿಕೆ ಎಂದರೆ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ, ಎಷ್ಟು ದಿನದಿಂದ ಎಂದು.

ಪಕ್ಕದ ಮನೆಯ ಟೈಲರಿಗೆ ಒಮ್ಮೆ ದ್ರಾಕ್ಷಿ ಶರಬತ್ತಿನ ಸೀಸೆಯೊಂದನ್ನು ಪ್ರೀತಿಯಿಂದ ಕೊಟ್ಟರು. ಪಾಪ, ಕೊರಳಿನ ಟೇಪನ್ನೂ ತೆಗೆಯದೆ ಎರಡು ಕೈಯಲ್ಲಿ ಇಸಿದುಕೊಂಡ ಆ ಮನುಷ್ಯ, ದಿನಕ್ಕೆ ಮೂರು ಸಲ ಊಟವಾದ ಮೇಲೆ ಎರಡೆರಡು ಚಮಚದಂತೆ ವಾರಗಟ್ಟಲೆ ಕುಡಿದು ಮುಗಿಸಿ, ಖಾಲಿ ಸೀಸೆ ವಾಪಸು ತಂದು, ಮೊಣಕಾಲು ನೋವು ಅರ್ಧಕ್ಕರ್ಧ ಇಳಿದಿದೆ, ಇನ್ನೊಂದು ಕೋರ್ಸ್ ಬೇಕಾಗಬಹುದೇ ಎಂದು ಕೇಳಿದರು. ಅಪ್ಪ ಅವರ ನಾಲಿಗೆ ನೋಡಿ, ಬೇಕಾಗಬಹುದು ಎಂದರು.

ಇದೆಲ್ಲ ನಗುವ ಮಾತಾಯಿತು. ನಗದೆ ಹೇಳಬೇಕಾದ್ದು ಒಂದಿದೆ. ಅದು ಡಾಕ್ಟರ ಹ್ಞೂಂ.

ಡಾಕ್ಟರು ಒಳ್ಳೆಯವರು, ಆದರೆ ಮಾತಿನಲ್ಲಿ ಬಲು ಪಥ್ಯದವರು. ಮೂಗಿನ ಕೆಳಗೆ ಬಾಚಣಿಗೆಯ ಹಲ್ಲಿನಂಥ ದಪ್ಪ ಬಿಳಿ ಮೀಸೆ. ಮಾತು ಅದನ್ನು ದಾಟಿ ಆಚೆ ಬರುವಷ್ಟರಲ್ಲಿ ಸುಸ್ತಾಗಿ ಬರೀ ಹ್ಞೂಂ ಆಗಿಬಿಡುತ್ತಿತ್ತು. ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಬಸ್ಸು ಹೊರಡುವುದನ್ನೂ ಅದಕ್ಕಿಂತ ಹೆಚ್ಚಾಗಿ ಹೊರಡದಿರುವುದನ್ನೂ ಘೋಷಿಸುವ ಕೆಲಸದವನು. ಗಂಟಲು ನನ್ನ ಬಂಡವಾಳ. ಡಾಕ್ಟರ ಏಳು ಬಗೆಯ ಹ್ಞೂಂಗಳನ್ನೂ ಚಿಕ್ಕಂದಿನಲ್ಲೇ ಕಲಿತಿದ್ದೆ. ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವುದಕ್ಕೆ ಮುಂದಿನ ರೋಗಿಯನ್ನು ಕಳಿಸಿ ಎಂದು ಅರ್ಥ. ಗಂಟಲಿನಿಂದ ಎದೆಗೆ ಇಳಿದರೆ ಸೂಜಿ ಚುಚ್ಚಬೇಕು. ಎದೆಯಿಂದ ಇನ್ನೂ ಕೆಳಗಿಳಿದರೆ ಮನೆಯವರನ್ನು ಹೊರಗೆ ಕರೆದು ಮಾತಾಡಬೇಕು. ಉಳಿದ ನಾಲ್ಕೂ ಹೀಗೆಯೇ ಒಂದಲ್ಲ ಒಂದು ಕೆಲಸಕ್ಕೆ ಮೀಸಲು. ಮೆಚ್ಚುಗೆಗೆ ಅಂತ ಒಂದೂ ಇರಲಿಲ್ಲ.

ಮೂವತ್ತೆಂಟು ವರ್ಷದಲ್ಲಿ ಡಾಕ್ಟರು ಅಪ್ಪನಿಗೆ ಒಂದೇ ಒಂದು ಸಲವೂ ಚೆನ್ನಾಗಿದೆ ಅಂದವರಲ್ಲ. ಮಕ್ಕಳು ಔಷಧಿ ಉಗುಳುತ್ತವೆ ಎಂದು ಅಪ್ಪ ಸ್ವಂತ ತಲೆ ಓಡಿಸಿ ಕೆಮ್ಮಿನ ಮಿಕ್ಸ್ಚರಿಗೆ ಏಲಕ್ಕಿ ಸೇರಿಸಿ, ಬಡಾವಣೆಯ ಮಕ್ಕಳೆಲ್ಲ ಬೇಕೆಂದೇ ಕೆಮ್ಮುವ ಹಾಗೆ ಮಾಡಿದಾಗಲೂ, ಡಾಕ್ಟರು ಒಂದು ಚಮಚ ನಾಲಿಗೆಗೆ ಹಚ್ಚಿ ಹ್ಞೂಂ ಎಂದು ಕುರ್ಚಿಗೆ ಮರಳಿದ್ದರಂತೆ. ಈ ಕಥೆಯನ್ನು ಅಪ್ಪ ವರ್ಷಕ್ಕೆರಡು ಸಲ ಹೇಳುತ್ತಿದ್ದರು. ಹೇಳಿ, ಅದು ಎಷ್ಟನೆಯ ಬಗೆಯ ಹ್ಞೂಂ ಇರಬಹುದು ಎಂದು ನನ್ನನ್ನು ಕೇಳುತ್ತಿದ್ದರು.

ನೆಗಡಿ ಅಂಟಿದ ಹಾಗೆ ಈ ಹ್ಞೂಂ ಅಪ್ಪನಿಗೂ ಅಂಟಿತ್ತು. ಅಮ್ಮ ಏನೇ ಮಾಡಿ ಬಡಿಸಲಿ, ಊಟದ ಕೊನೆಗೆ ಅಪ್ಪ ಹ್ಞೂಂ ಎಂದು ಎದ್ದು ಹೋಗುತ್ತಿದ್ದರು. ಅಮ್ಮ ಅದನ್ನು ಕೈ ತೊಳೆಯುವ ಸದ್ದಿನ ಜೊತೆಗೆ ಸೇರಿಸಿ ಕೇಳಿಸಿಕೊಂಡು ಸುಮ್ಮನಾಗಿದ್ದಳು.

ಹೀಗಿರುವಾಗ ಸುದ್ದಿ ಬಂತು. ಡಾಕ್ಟರು ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೊರಟಿದ್ದಾರೆ. ಹೊರಡುವ ಮುಂಚಿನ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ನಮ್ಮ ಮನೆಗೆ ಬಂದು ಹೇಳಿ ಹೋಗುತ್ತಾರೆ. ಅಪ್ಪ ಫೋನು ಇಟ್ಟು ಕ್ಯಾಲೆಂಡರಿನ ಮುಂದೆ ನಿಂತರು. ಹದಿಮೂರು ದಿನ ಇತ್ತು.

"ಇದೇ ಕೊನೇದು ಕಣೋ," ಅಂದರು. "ಒಂದು ಲೋಟ ಕೊಡ್ತೀನಿ. ಅವರ ಬಾಯಿಂದ ಒಂದು ಸಲ ಚೆನ್ನಾಗಿದೆ ಅನ್ನಿಸ್ತೀನಿ. ಅಷ್ಟಾದ್ರೆ ಸಾಕು."

ಡಾಕ್ಟರಿಗೆ ಸಿಹಿ ಹೆಚ್ಚಾಗಬಾರದು, ಹುಳಿ ಮುಖ ಹಿಂಡಬಾರದು, ಬಣ್ಣ ಕಣ್ಣಿಗೆ ಹೊಡೆಯಬಾರದು. ಹೀಗೆ ಒಂದೊಂದೇ ಹಣ್ಣನ್ನು ಅಪ್ಪ ಪರೀಕ್ಷೆ ಮಾಡಿ ನಪಾಸು ಮಾಡುತ್ತ ಹೋಗಿ, ಕೊನೆಗೆ ಪಾಸಾದದ್ದು ಶುಂಠಿ. ಅದೂ ಬರೀ ಕಷಾಯವಲ್ಲ, ಗುಳ್ಳೆ ಬರುವ ಶುಂಠಿ ಸೋಡಾ. ಅಂಗಡಿಯ ಅನಿಲ ತುಂಬಿದ್ದಲ್ಲ, ಮನೆಯಲ್ಲೇ ತನ್ನಷ್ಟಕ್ಕೆ ಹುದುಗಿ ಗುಳ್ಳೆ ಎಬ್ಬಿಸುವಂಥದ್ದು. ಇಷ್ಟು ವರ್ಷ ಗುಳಿಗೆ ಕೊಟ್ಟಿದ್ದು ಸಾಲದೆ ಈಗ ಗುಳ್ಳೆಗೆ ಇಳಿದರು ಎಂದು ಅಮ್ಮ ಗೊಣಗಿದಳು. ಶುಂಠಿ ತುರಿದವರೆಲ್ಲ ಶುಂಠರಲ್ಲ ಎಂದು ಅಪ್ಪ ತುರಿಯುವ ಮಣೆ ಹುಡುಕಿದರು.

ಮಾಡುವ ಕ್ರಮ ಹೀಗೆ. ಒಂದು ಗಾಜಿನ ಭರಣಿಯಲ್ಲಿ ನೀರು, ತುರಿದ ಶುಂಠಿ, ಸಕ್ಕರೆ. ಬಾಯಿಗೆ ತೆಳುಬಟ್ಟೆ. ದಿನಾ ಬೆಳಗ್ಗೆ ಅದಕ್ಕೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ತಿನ್ನಿಸಬೇಕು. ಐದಾರು ದಿನಕ್ಕೆ ಅದಕ್ಕೆ ಜೀವ ಬಂದು ಗುಳ್ಳೆ ಬಿಡುತ್ತದೆ. ಆಗ ಅದನ್ನು ಸೋಸಿ, ಕುದಿಸಿ ಆರಿಸಿದ ಶುಂಠಿನೀರಿಗೂ ನಿಂಬೆರಸಕ್ಕೂ ಬೆರೆಸಿ, ಸೀಸೆಗೆ ತುಂಬಿ ಬಿರಡೆ ಬಿಗಿದು ಎರಡು ದಿನ ಇಡಬೇಕು.

ಅಪ್ಪ ಆ ಭರಣಿಗೆ ಪೇಷಂಟ್ ಎಂದು ಹೆಸರಿಟ್ಟರು. ಪೇಷಂಟನ್ನು ಒಲೆಯ ಪಕ್ಕದ ಬೆಚ್ಚನೆಯ ಮೂಲೆಗೆ ಅಡ್ಮಿಟ್ ಮಾಡಿ, ಮೊಳೆಗೆ ಒಂದು ಚಾರ್ಟು ನೇತು ಹಾಕಿದರು. ಬೆಳಗ್ಗೆ ಸಂಜೆ ಉಷ್ಣಾಂಶ. ನಿಮಿಷಕ್ಕೆ ಎಷ್ಟು ಗುಳ್ಳೆ ಎಂಬುದು ನಾಡಿ. ಮೂರನೆಯ ದಿನ ನಾಡಿ ಎರಡಕ್ಕೆ ಇಳಿದಾಗ ಅಪ್ಪ ಮಧ್ಯಾಹ್ನದ ಊಟ ಬಿಟ್ಟು ಭರಣಿಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಟವೆಲು ಹೊದಿಸಿದರು. ಅಮ್ಮ ಬಾಗಿಲಲ್ಲಿ ನಿಂತು, ತನಗೆ ಟೈಫಾಯ್ಡ್ ಬಂದಾಗ ಇವರು ಹೊರಗಿನಿಂದಲೇ ಹೇಗಿದ್ದೀಯ ಎಂದು ಕೇಳಿ ಕೆಲಸಕ್ಕೆ ಹೋಗಿದ್ದನ್ನು ನೆನಪಿಸಿದಳು. ಅಪ್ಪ ತುಟಿಗೆ ಬೆರಳಿಟ್ಟು, ಪೇಷಂಟ್ ಮಲಗಿದೆ, ಮೆಲ್ಲಗೆ ಮಾತಾಡು ಎಂಬಂತೆ ಸನ್ನೆ ಮಾಡಿದರು.

ಆ ಹೊತ್ತಿಗೆ ಎರಡು ಬೀದಿಯಾಚೆಯಿಂದ ಅತ್ತೆ ಬಂದರು. ಅಪ್ಪನ ಅಕ್ಕ. ಗಾಜು, ನೊರೆ, ವಾಸನೆ ಈ ಮೂರರಲ್ಲಿ ಎರಡು ಒಟ್ಟಿಗೆ ಕಂಡರೆ ಅದು ಹೆಂಡ ಎಂದು ನಿಶ್ಚಯಿಸುವವರು. ಬಟ್ಟೆ ಒಗೆಯುವ ಸಾಬೂನಿನ ನೀರನ್ನು ಮಾತ್ರ ಹೇಗೋ ನಂಬಿದ್ದರು. ಭರಣಿಗೆ ಮೂಗು ತಾಗಿಸಿ, ಗುಳ್ಳೆ ಬಿಡೋದನ್ನ ನಾನು ಈ ಮನೆಯಲ್ಲಿ ನೋಡಬೇಕಾಯ್ತಲ್ಲ ಎಂದು ಗೋಡೆಯ ಮೇಲಿನ ತಾತನ ಪಟಕ್ಕೆ ದೂರು ಕೊಟ್ಟರು. ಬ್ರೆಡ್ಡು ಉಬ್ಬುವುದೂ ಹೀಗೆಯೇ, ಎರಡೇ ದಿನಕ್ಕೆ ತಂಪು ಪೆಟ್ಟಿಗೆಗೆ ಹಾಕಿ ನಿಲ್ಲಿಸಿಬಿಡುತ್ತೇನೆ, ಅಮಲೇರುವಷ್ಟು ಹೊತ್ತು ಬಿಡುವುದಿಲ್ಲ ಎಂದು ಅಪ್ಪ ವಿವರಿಸಿದರು. ಅತ್ತೆ ಅಂದಿನಿಂದ ಬ್ರೆಡ್ಡನ್ನೂ ಅನುಮಾನದಿಂದ ನೋಡತೊಡಗಿದರು. ಭಾನುವಾರ ತಾವೂ ಬರುವುದಾಗಿ, ಕುಡಿಯುವುದಕ್ಕಲ್ಲ, ಸಾಕ್ಷಿಗೆ ಎಂದು ಹೇಳಿ ಹೋದರು.

ಐದನೆಯ ದಿನ ಪೇಷಂಟ್ ಚೇತರಿಸಿಕೊಂಡಿತು. ನಾಡಿ ಅರವತ್ತು. ಅಪ್ಪ ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಇನ್ನು ತಾಲೀಮು ಎಂದರು.

ತಾಲೀಮಿಗೆ ಡಾಕ್ಟರು ಬೇಕಲ್ಲ, ಅದು ನಾನು. ಬಿಳಿ ಉಲ್ಲನ್ ದಾರದ ಮೀಸೆ, ಅಮ್ಮನ ಓದುವ ಕನ್ನಡಕ. ಬೆತ್ತದ ಕುರ್ಚಿಯಲ್ಲಿ ಡಾಕ್ಟರ ಹಾಗೆಯೇ ಎಡಗೈಯನ್ನು ಮಂಡಿಯ ಮೇಲಿಟ್ಟು ಕೂತೆ. ಅಪ್ಪ ಬರೀ ನೀರು ತುಂಬಿದ ಲೋಟವನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲಿನಿಂದ ಕುರ್ಚಿಗೆ ಆರು ಹೆಜ್ಜೆ ನಡೆದು ಬಂದರು. ಗುಟುಕರಿಸಿ, ಎದೆಗೆ ಇಳಿಯುವ ಹ್ಞೂಂ ಒಂದನ್ನು ಬಿಟ್ಟೆ. ಅಪ್ಪ, ಕ್ಷಮಿಸಿ ಡಾಕ್ಟ್ರೇ, ಇನ್ನೊಂದು ಸಲ ಬೆರೆಸಿ ತರ್ತೀನಿ ಎಂದು ನೀರಿನ ಲೋಟ ಹಿಡಿದು ಒಳಗೆ ಹೊರಟೇಬಿಟ್ಟರು. ಬಾಗಿಲ ಹತ್ತಿರ ಹೋದಮೇಲೆ ಕೂತವನು ಮಗ ಎಂಬುದು ಹೊಳೆದು ವಾಪಸು ಬಂದರು.

ಮೂರನೆಯ ಸಲ ನನಗೆ ತುಂಟತನ ಬಂತು. ಲೋಟ ಕೆಳಗಿಟ್ಟು, ಮೀಸೆಯ ಹಿಂದಿನಿಂದ ಆ ಭಾರಿ ದನಿಯನ್ನೇ ತಂದು, ಚೆನ್ನಾಗಿದೆ ಕಂಪೌಂಡ್ರೇ ಅಂದೆ. ಅಪ್ಪ ಒಳಗೆ ಹೋದರು. ನಲ್ಲಿಯ ಸದ್ದು ಕೇಳಿಸಿತು. ಮುಖ ಒರೆಸಿಕೊಂಡು ಹೊರಗೆ ಬಂದು ಅಂದರು:

"ಡಾಕ್ಟ್ರು ಹಾಗೆಲ್ಲ ಹೇಳಲ್ಲ ಕಣೋ. ಸರಿಯಾಗಿ ಮಾಡು."

ಆಮೇಲೆ ನಾನು ಬರೀ ಹ್ಞೂಂಗಳಿಗೇ ಅಂಟಿಕೊಂಡೆ.

ಶುಕ್ರವಾರ ಸೀಸೆಗೆ ತುಂಬಿದ್ದಾಯಿತು. ಒಟ್ಟು ಆರು ಸೀಸೆ. ಡಾಕ್ಟರ ದವಾಖಾನೆಯಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿದ್ದವು. ದವಾಖಾನೆ ಮುಚ್ಚಿದರೂ ಅಪ್ಪ ಅವನ್ನು ಮನೆಯಲ್ಲಿ ತೆರೆದಿಟ್ಟಿದ್ದರು. ಮೊದಲನೆಯದು, ಬೆರೆಸಿದ ಪ್ರತಿಯೊಂದರಲ್ಲೂ ಒಂದು ಸೀಸೆಯನ್ನು ಸ್ಯಾಂಪಲ್ ಎಂದು ಎತ್ತಿಡಬೇಕು. ರೋಗಿ ದೂರು ತಂದರೆ ತೋರಿಸುವುದಕ್ಕೆ. ಎರಡನೆಯದು, ಲೇಬಲ್ ಇಲ್ಲದ ಸೀಸೆ ಯಾರ ಕೈಗೂ ಹೋಗಕೂಡದು. ಅದರಂತೆ ಒಂದು ಸೀಸೆ ತಂಪು ಪೆಟ್ಟಿಗೆಯ ಹಿಂಬದಿಗೆ ಸೇರಿತು. ಉಳಿದ ಐದಕ್ಕೆ ಲೇಬಲ್. ದವಾಖಾನೆಯ ಹಳೆಯ ಕಟ್ಟಿನಿಂದಲೇ ಐದು ಹರಿದು, ಔಷಧಿಯ ಹೆಸರು ಎಂದಿದ್ದಲ್ಲಿ ಅಪ್ಪ ಮುತ್ತಿನಂಥ ಅಕ್ಷರದಲ್ಲಿ ಶುಂಠಿ ಸೋಡಾ ಎಂದು ಬರೆದರು, ಪ್ರಮಾಣ ಎಂದಿದ್ದಲ್ಲಿ ಒಂದು ಲೋಟ ಎಂದು ಬರೆದರು. ಗೋಂದು ಹಚ್ಚಿ ಅಂಟಿಸಿದವನು ನಾನು. ಲೇಬಲ್ಲಿನ ಕೆಳತುದಿಯಲ್ಲಿ ಅಚ್ಚಾದ ಇನ್ನೊಂದು ಸಾಲಿತ್ತು. ಹುಟ್ಟಿದಾಗಿನಿಂದ ನಮ್ಮ ಮನೆಯ ಪ್ರತಿಯೊಂದು ಸೀಸೆಯ ಮೇಲೂ ಅದನ್ನು ನೋಡಿದವನು ನಾನು. ಅದಕ್ಕೇ ಅಂದು ಅದನ್ನು ಓದಲಿಲ್ಲ. ಅಪ್ಪನೂ ಓದಲಿಲ್ಲ.

ಭಾನುವಾರ ಡಾಕ್ಟರು ಹನ್ನೊಂದಕ್ಕೆ ಎರಡು ನಿಮಿಷ ಮುಂಚೆ ಬಂದರು. ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿಯಲ್ಲಿ, ತಾಲೀಮಿನಲ್ಲಿ ನಾನು ಕೂತ ಹಾಗೆಯೇ, ಎಡಗೈಯನ್ನು ಮಂಡಿಯ ಮೇಲಿಟ್ಟು ಕೂತರು. ನನಗೆ ನನ್ನನ್ನೇ ನೋಡಿದ ಹಾಗಾಯಿತು. ಟೈಲರು ಟೇಪಿನ ಸಮೇತ ಬಂದು ಸ್ಟೂಲಿನ ಮೇಲೆ, ಅತ್ತೆ ಸಾಕ್ಷಿಗೆ ತಕ್ಕ ದೂರದಲ್ಲಿ ಸೋಫಾದ ತುದಿಯಲ್ಲಿ, ನಾನು ಕಿಟಕಿಯ ಬಳಿ, ಅಮ್ಮ ಅಡುಗೆಮನೆಯ ಬಾಗಿಲಲ್ಲಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಐದು ಸೀಸೆಗಳನ್ನು ತಟ್ಟೆಯಲ್ಲಿ ತಂದು, ಕಿಂಡಿಯಿಂದ ಕೊಡುವ ಅಭ್ಯಾಸದಲ್ಲಿ ತಲೆ ತುಸು ಬಗ್ಗಿಸಿ, ಒಬ್ಬೊಬ್ಬರಿಗೂ ಒಂದೊಂದು ಕೊಟ್ಟರು. ಹಳೆಯ ರೋಗಿಗಳು ಇಸಿದುಕೊಂಡ ಹಾಗೆಯೇ ನಾವೂ ಇಸಿದುಕೊಂಡೆವು. ಒರೆಸಿಟ್ಟ ಲೋಟ ತರುತ್ತೇನೆಂದು ಅಪ್ಪ ಒಳಗೆ ಹೋದರು.

ಡಾಕ್ಟರು ಲೇಬಲ್ ಓದದೆ ನೀರನ್ನೂ ಕುಡಿಯುವವರಲ್ಲ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೇಲಿನಿಂದ ಕೆಳಗಿನವರೆಗೂ ಓದಿದರು. ಶುಂಠಿ ಸೋಡಾ. ಒಂದು ಲೋಟ. ಬಾಯಿಯ ಮೂಲಕ ಸೇವಿಸುವುದಕ್ಕೆ. ಮತ್ತೆ ಆ ಕೊನೆಯ ಸಾಲು: ಉಪಯೋಗಿಸುವ ಮುನ್ನ ಚೆನ್ನಾಗಿ ಅಲುಗಾಡಿಸಿ.

ಡಾಕ್ಟರು ಹ್ಞೂಂ ಎಂದರು. ಹೆಬ್ಬೆರಳನ್ನು ಬಿರಡೆಯ ಮೇಲಿಟ್ಟು ಅಲುಗಾಡಿಸತೊಡಗಿದರು.

ಡಾಕ್ಟರೇ ಅಲುಗಾಡಿಸಿದ ಮೇಲೆ ಟೈಲರು ಬಿಡುತ್ತಾರೆಯೇ, ಮೊಣಕಾಲಿನ ನಂಬಿಕೆಯಿಂದ ಎರಡೂ ಕೈ ಸೇರಿಸಿ ಅಲುಗಾಡಿಸಿದರು. ಅತ್ತೆ, ಕುಡಿಯುವುದಿಲ್ಲ ನಿಜ, ಆದರೆ ಎಷ್ಟು ನೊರೆ ಬರುತ್ತದೆ ನೋಡಿಯೇ ಬಿಡೋಣ ಎಂದು ಅಲುಗಾಡಿಸಿದರು. ಅಮ್ಮ ಬೇರೇನೋ ಯೋಚನೆಯಲ್ಲಿ ಅಲುಗಾಡಿಸಿದಳು. ನಾಲ್ಕು ವರ್ಷ ಕಾಲೇಜಿನಲ್ಲಿ ವಿಜ್ಞಾನ ಓದಿದ ನಾನು, ಎಲ್ಲರೂ ಅಲುಗಾಡಿಸುತ್ತಿರುವಾಗ ಒಬ್ಬನೇ ಸುಮ್ಮನಿರುವುದು ಮರ್ಯಾದೆಯಲ್ಲ ಎಂದು ಅಲುಗಾಡಿಸಿದೆ.  ಐದು ಜನ ಗಂಭೀರವಾಗಿ, ಒಂದೇ ತಾಳಕ್ಕೆ, ತಲೆಯಾಡಿಸುತ್ತ ಸೀಸೆ ಆಡಿಸುತ್ತಿದ್ದ ಆ ಅರ್ಧ ನಿಮಿಷದಲ್ಲಿ ಇದ್ದಷ್ಟು ಒಗ್ಗಟ್ಟು ನಮ್ಮ ಮನೆಯಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಅಪ್ಪ ಲೋಟಗಳ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನೋಡಿದರು.

ಅವರ ಮುಖದಲ್ಲಿ ನಡೆದದ್ದನ್ನು ನಾನು ಮಾಡಿ ತೋರಿಸಬಲ್ಲೆ, ಬರೆದು ತೋರಿಸುವುದು ಕಷ್ಟ. ಕಣ್ಣು ಸೀಸೆಯಿಂದ ಲೇಬಲ್ಲಿಗೆ, ಲೇಬಲ್ಲಿನಿಂದ ಬಿರಡೆಗೆ, ಬಿರಡೆಯಿಂದ ಡಾಕ್ಟರ ಮುಖಕ್ಕೆ ಹೋಯಿತು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಡಾಕ್ಟರು ಮಾಡುತ್ತಿರುವುದನ್ನು ಮಾಡಬೇಡಿ ಎನ್ನುವ ವಾಕ್ಯ ಮೂವತ್ತೆಂಟು ವರ್ಷದಲ್ಲಿ ಅವರ ಬಾಯಿಗೆ ಒಮ್ಮೆಯೂ ಬಂದಿರಲಿಲ್ಲ. ಹುಡುಕಿ ತೆಗೆಯಲು ಸಮಯ ಹಿಡಿಯಿತು. ಅಷ್ಟರಲ್ಲಿ ಡಾಕ್ಟರು ಇನ್ನೂ ಹತ್ತು ಸಲ ಅಲುಗಾಡಿಸಿದರು. ಚೆನ್ನಾಗಿ ಎಂದಿತ್ತಲ್ಲ, ಚೆನ್ನಾಗಿಯೇ ಅಲುಗಾಡಿಸಿದರು.

"ಡಾಕ್ಟ್ರೇ," ಅಂದರು ಅಪ್ಪ ಕೊನೆಗೆ. "ಬೇಡ."

ಡಾಕ್ಟರ ಕೈ ನಿಂತಿತು. ಎಲ್ಲರ ಕೈಯೂ ನಿಂತಿತು. ಕಂಪೌಂಡರ ಬಾಯಿಂದ ಬೇಡ ಎಂಬುದನ್ನು ಕೇಳಿದ ಆಶ್ಚರ್ಯಕ್ಕೆ ಡಾಕ್ಟರು ಏನಂದ್ರಿ ಎಂದು ಅಪ್ಪನ ಕಡೆ ತಿರುಗಿದರು. ತಿರುಗುವಾಗ ಹೆಬ್ಬೆರಳು ಬಿರಡೆಯಿಂದ ಸರಿಯಿತು.

ಬಿರಡೆ ಢಬ್ಬೆಂದು ಹಾರಿ ಫ್ಯಾನಿಗೆ ಬಡಿಯಿತು. ಅದರ ಬೆನ್ನಿಗೇ ಮೇಲೆದ್ದ ಸೋಡಾವನ್ನು ಫ್ಯಾನು ಯಾವ ಭೇದಭಾವವೂ ಇಲ್ಲದೆ ಎಲ್ಲರಿಗೂ ಸಮನಾಗಿ ಹಂಚಿತು. ಸದ್ದಿಗೆ ಬೆಚ್ಚಿ ನಾವು ನಾಲ್ವರೂ ಹೆಬ್ಬೆರಳು ಎತ್ತಿದೆವು. ಟೈಲರು ಸೀಸೆಯ ಬಾಯನ್ನು ಬೇರೆ ಯಾರ ಕಡೆಗೂ ತಿರುಗಿಸಬಾರದೆಂಬ ಸಜ್ಜನಿಕೆಯಿಂದ ತಮ್ಮ ಅಂಗಿಯೊಳಗೇ ತಿರುಗಿಸಿಕೊಂಡರು. ಅಮ್ಮನದು ಚಾವಣಿಗೆ ಹೋಗಿ, ಸ್ವಲ್ಪ ಯೋಚಿಸಿ, ಅಮ್ಮನ ಮೇಲೇ ಬಿತ್ತು. ನನ್ನ ಬಿರಡೆ ತಾತನ ಪಟವನ್ನು ಓರೆ ಮಾಡಿತು. ಅತ್ತೆ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನುವುದಕ್ಕೆ ಬಾಯಿ ತೆರೆದಿದ್ದರು. ಅರ್ಧ ಸೀಸೆ ಆ ತೆರೆದ ಬಾಯಿಗೇ ಹೋಯಿತು.

ಆಮೇಲೆ ಫ್ಯಾನಿನಿಂದ ಸೋಡಾ ತೊಟ್ಟಿಕ್ಕತೊಡಗಿತು. ಐದು ಸೀಸೆಗಳಲ್ಲೂ ಸೇರಿ ಒಂದು ಚಮಚ ಉಳಿದಿರಲಿಲ್ಲ. ಅಪ್ಪ ಒಣಗಿದ, ಹೊಳೆಯುವ, ಖಾಲಿ ಲೋಟಗಳನ್ನು ಹಿಡಿದು ನಿಂತೇ ಇದ್ದರು. ಹದಿಮೂರು ದಿನ ಕಾದು ಸಾಕಿದ್ದು ಗೋಡೆಯ ಮೇಲೆ ಇಳಿಯುತ್ತಿತ್ತು. ಡಾಕ್ಟರ ಮೀಸೆಯ ಎರಡೂ ತುದಿಯಿಂದ ಹನಿ ಬೀಳುತ್ತಿತ್ತು.

ಅತ್ತೆ ಮೊದಲು ಚೇತರಿಸಿಕೊಂಡರು. ನುಂಗಿದರು. ತುಟಿ ಚಪ್ಪರಿಸಿದರು. ಹೆಂಡ ಹೌದೋ ಅಲ್ಲವೋ ಎಂದು ಇಷ್ಟರಲ್ಲಿ ಹೇಳಲಿಕ್ಕಾಗದು, ಇನ್ನೊಂದು ಸಲ ನೋಡಬೇಕು ಎಂದು ಖಾಲಿ ಸೀಸೆಯನ್ನು ತಲೆಕೆಳಗು ಮಾಡಿ ಅಂಗೈಗೆ ತಟ್ಟಿಕೊಂಡರು.

ಅಪ್ಪ ಲೇಬಲ್ಲು, ಲೇಬಲ್ಲು ಎಂದು ತೊದಲಿದರು.  ಡಾಕ್ಟರು ಕನ್ನಡಕ ತೆಗೆದರು. ಒರೆಸಲು ಒಣಗಿದ ಬಟ್ಟೆ ಮೈಮೇಲೆ ಎಲ್ಲೂ ಸಿಗದೆ ಹಾಗೇ ಹಾಕಿಕೊಂಡರು. ನಾಲಿಗೆಯ ತುದಿ ಮೆಲ್ಲಗೆ ಹೊರಗೆ ಬಂತು. ಮೀಸೆಯ ಬಲತುದಿಗೆ ಹೋಯಿತು. ಅಲ್ಲಿ ಕೆಲಸ ಮುಗಿಸಿ ಎಡತುದಿಗೆ ಹೋಯಿತು.

"ಹ್ಞೂಂ," ಅಂದರು.

ಅಪ್ಪ ನನ್ನ ಕಡೆ ನೋಡಿದರು. ನಾನು ಏಳನ್ನೂ ಮನಸ್ಸಿನಲ್ಲೇ ಹೊಂದಿಸಿ ನೋಡಿ ತಲೆ ಅಡ್ಡ ಆಡಿಸಿದೆ. ಇದು ಮೊದಲು ಕೇಳಿದ್ದಲ್ಲ. ಕೆಳಗಿನಿಂದ ಹುಟ್ಟಿ ಮೇಲಕ್ಕೆ ಏರಿದ್ದು, ಸೋಡಾದ ಗುಳ್ಳೆಯ ಹಾಗೆ.

ಡಾಕ್ಟರು ಸೀಸೆಯ ಮೇಲಿನ ಒದ್ದೆ ಲೇಬಲ್ಲಿನ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದನ್ನ ಅಚ್ಚು ಹಾಕಿಸಿದ್ದು ನಾನೇ ಕಂಪೌಂಡ್ರೇ. ಹತ್ತು ಸಾವಿರ," ಅಂದರು. ಮೂವತ್ತೆಂಟು ವರ್ಷದಲ್ಲಿ ಅಪ್ಪ ಅವರಿಂದ ಕೇಳಿದ ಅತಿ ಉದ್ದದ ಮಾತು ಅದೇ. ಆಮೇಲೆ ಕೇಳಿದರು:

"ಇನ್ನೂ ಇದೆಯಾ?"

ಇಲ್ಲ ಎನ್ನಲು ಬಾಯಿ ತೆರೆದ ಅಪ್ಪನಿಗೆ ಮೊದಲನೆಯ ನಿಯಮ ನೆನಪಾಯಿತು. ಲೋಟಗಳನ್ನು ಟೈಲರ ಮಡಿಲಿಗೆ ಇಟ್ಟು ಒಳಗೆ ಓಡಿದರು. ತಂಪು ಪೆಟ್ಟಿಗೆಯ ಹಿಂಬದಿಯಿಂದ ಸ್ಯಾಂಪಲ್ ಸೀಸೆ ತಂದರು. ಎರಡು ಕೈಯಲ್ಲಿ, ಹಸುಗೂಸನ್ನು ಎತ್ತಿಕೊಂಡ ಹಾಗೆ, ಒಂದು ಎಳೆಯಷ್ಟೂ ಅಲುಗದಂತೆ ತಂದರು. ತಂದವರು ಡಾಕ್ಟರ ಮುಂದೆ ಬಂದು ಹಾಗೇ ನಿಂತುಬಿಟ್ಟರು.

ಯಾಕೆಂದು ನಮಗೆ ಹೊಳೆಯಲಿಲ್ಲ, ಡಾಕ್ಟರಿಗೆ ಹೊಳೆಯಿತು. ಎರಡನೆಯ ನಿಯಮ. ಸೀಸೆಗೆ ಲೇಬಲ್ ಇರಲಿಲ್ಲ. ಆ ಲೇಬಲ್ಲನ್ನು ಮತ್ತೆ ಹಚ್ಚುವ ಧೈರ್ಯ ಈ ಜನ್ಮದಲ್ಲಿ ಅಪ್ಪನಿಗೆ ಬರುವ ಹಾಗಿರಲಿಲ್ಲ. ಡಾಕ್ಟರು ಕೈ ಚಾಚಿದರು. ನಾನು ಕಟ್ಟಿನಿಂದ ಒಂದು ಲೇಬಲ್ ಹರಿದು ಕೊಟ್ಟೆ. ಅವರು ಅದನ್ನು ಹಿಂಬದಿಗೆ ತಿರುಗಿಸಿ, ಜೇಬಿನಿಂದ ಪೆನ್ನು ತೆಗೆದು, ಮಂಡಿಯ ಮೇಲಿಟ್ಟು ಮೂರು ಸಾಲು ಗೀಚಿ ಅಪ್ಪನಿಗೆ ಕೊಟ್ಟರು. ಅಪ್ಪ ಓದಿ, ಗೋಂದು ಹಚ್ಚಿ, ಸೀಸೆಗೆ ಅಂಟಿಸಿ, ಆಮೇಲೆಯೇ ಬಿರಡೆಯನ್ನು ಕೂದಲೆಳೆಯಷ್ಟಷ್ಟೇ ತಿರುವಿ ಬಿಚ್ಚಿದರು. ಸುಸ್ ಎಂದು ಒಂದು ನಿಟ್ಟುಸಿರು ಬಂತು. ಅದು ಸೀಸೆಯದೋ ಅಪ್ಪನದೋ ಗೊತ್ತಾಗಲಿಲ್ಲ.

ಡಾಕ್ಟರು ಒಂದು ಲೋಟವನ್ನು ನಿಧಾನವಾಗಿ ಕುಡಿದರು. ಲೋಟ ಕೆಳಗಿಟ್ಟರು.  ಡಾಕ್ಟರು ತೋರುಬೆರಳಿನಿಂದ ಖಾಲಿ ಲೋಟವನ್ನು ಮೇಜಿನ ಮೇಲೆ ಅಪ್ಪನ ಕಡೆಗೆ ಒಂದು ಗೇಣು ತಳ್ಳಿದರು. ಅಪ್ಪ ಮತ್ತೆ ತುಂಬಿದರು. ಅದೂ ಖಾಲಿಯಾಯಿತು. ಸೀಸೆಯೂ ಖಾಲಿಯಾಯಿತು. ಡಾಕ್ಟರು ಅದನ್ನು ತಮ್ಮತ್ತ ಎಳೆದುಕೊಂಡು, ಲೇಬಲ್ಲಿನ ಕೆಳಗೆ ಇನ್ನೊಂದು ಸಾಲು ಬರೆದು, ಎದ್ದು, ಅಪ್ಪನ ಭುಜವನ್ನು ಎರಡು ಸಲ ತಟ್ಟಿ, ಹನಿ ಹನಿಸುತ್ತ ಮೆಟ್ಟಿಲಿಳಿದು ಹೋದರು.

ಸೀಸೆಯ ಮೇಲೆ ನಾವೆಲ್ಲ ಮುಗಿಬಿದ್ದೆವು. ಡಾಕ್ಟರ ಅಕ್ಷರ ಎಂದರೆ ಶಾಯಿಯಲ್ಲಿ ಅದ್ದಿದ ಇರುವೆ ಅವಸರದಲ್ಲಿ ಮನೆಗೆ ಹೋದ ಹಾಗೆ. ಒಮ್ಮೆ ಅವರ ಚೀಟಿಯನ್ನು ಬೇರೆ ಅಂಗಡಿಗೆ ಒಯ್ದಾಗ, ಅಂಗಡಿಯವನು ಬಹಳ ಹೊತ್ತು ನೋಡಿ ಒಂದು ಹಲ್ಲುಜ್ಜುವ ಬ್ರಷ್ ಕೊಟ್ಟು ಕಳಿಸಿದ್ದ. ಅತ್ತೆ ಇದು ಡಾಕ್ಟರ ತಮ್ಮನ ಊರಿನ ವಿಳಾಸ ಎಂದರು. ಟೈಲರು ಎದೆ ಮೂವತ್ತೆಂಟು, ತೋಳು ಇಪ್ಪತ್ತಮೂರು ಎಂದು ಓದಿದರು. ಭೂಮಿಯ ಮೇಲೆ ಆ ಬರಹವನ್ನು ಓದಬಲ್ಲ ಒಬ್ಬನೇ ಮನುಷ್ಯನಾದ ಅಪ್ಪ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ಓದಿ ಹೇಳಿ ಎಂದು ಎಲ್ಲರೂ ಕಾಡಿದ ಮೇಲೆ, ಬಂದು, ಸೀಸೆಯ ಕಡೆ ನೋಡದೆಯೇ ಹೇಳಿದರು:

"ಶುಂಠಿ ಸೋಡಾ. ಒಂದು ಲೋಟ, ಸಾಲದಿದ್ದರೆ ಇನ್ನೊಂದು. ಅಲುಗಾಡಿಸಬಾರದು." ಅಂಗಿಯ ಗುಂಡಿ ಸರಿಮಾಡಿಕೊಂಡರು. "ಆಮೇಲೆ ಬರೆದದ್ದು... ಚೆನ್ನಾಗಿದೆ."

ನಾನು ಹಾಸ್ಯ ಮಾಡಲು ಬಾಯಿ ತೆರೆದೆ. ಅಮ್ಮ ನನ್ನ ಕಾಲು ತುಳಿದಳು.

ಮಧ್ಯಾಹ್ನ ಗೋಡೆ ಒರೆಸಿ, ಫ್ಯಾನು ಒರೆಸಿ, ತಾತನನ್ನು ನೆಟ್ಟಗೆ ಮಾಡಿ ಊಟಕ್ಕೆ ಕೂತೆವು. ಅಪ್ಪ ಆ ಸೀಸೆಯನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ತುತ್ತಿಗೊಂದು ಸಲ ಅದರ ಕಡೆ ನೋಡುತ್ತ ಉಂಡರು. ಉಂಡು ಮುಗಿಸಿ ಹ್ಞೂಂ ಎಂದು ಏಳಲು ಹೊರಟರು. ಅಮ್ಮ ಒಂದು ಕೈಯಿಂದ ಅವರ ಭುಜ ಒತ್ತಿ ಕೂರಿಸಿ, ಇನ್ನೊಂದು ಕೈ ಅವರ ತಟ್ಟೆಯ ಮುಂದೆ ಇಟ್ಟಳು. ಆ ಕೈಯಲ್ಲಿ ಒಂದು ಖಾಲಿ ಲೇಬಲ್ಲೂ ಒಂದು ಪೆನ್ನೂ ಇದ್ದವು.

ಅಪ್ಪ ಲೇಬಲ್ ನೋಡಿದರು, ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಹತ್ತಿರ ಇದಕ್ಕೆ ತಾಲೀಮು ಇರಲಿಲ್ಲ. ಅಪ್ಪ ಎಡಗೈಯಿಂದ ಲೇಬಲ್ಲನ್ನು ಒತ್ತಿ ಹಿಡಿದು, ಬಲಗೈ ಅಂಗಿಗೆ ಒರೆಸಿಕೊಂಡು, ಬಹಳ ಹೊತ್ತು ಯೋಚಿಸಿ, ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಂದಕ್ಕೆ ಸರಿಸಿದರು. ಅಮ್ಮ ಓದುವ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಚೆನ್ನಾಗಿದೆ. ದಿನಕ್ಕೆ ಮೂರು ಬಾರಿ.

ಓದಿ, ಮಡಚಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎರಡು ಬಾರಿ ಅಡುಗೆ ನಾನು ಮಾಡ್ತೀನಿ ರೀ," ಅಂದಳು. "ಮೂರನೇದಕ್ಕೆ ಆ ನಿಮ್ಮ ಪೇಷಂಟನ್ನ ಕೇಳಿ."